ಸೇಲಂನ ಬಿಳಿ ಪಂಚೆ, ಮಸ್ಕತ್ತಿನ ಕಡಲದಂಡೆ

ತಮಿಳುನಾಡಿನ ಮದುವೆಯಲ್ಲಿ ಮದುಮಗ ಉಟ್ಟ ರೇಷ್ಮೆ ಪಂಚೆ ಅಚ್ಚ ಬಿಳಿಯದಾಗಿದ್ದು, ಅಂಚಿನಲ್ಲಿ ಮಾತ್ರ ಬಣ್ಣ, ಜರಿ ಇದ್ದರೆ ಅದು ಸೇಲಂ ಮಗ್ಗದ್ದಿರಬಹುದು. 'ಸೇಲಂ ವೆಣ್‌ಪಟ್ಟು' ಎಂದೇ ಹೆಸರಾದ, ಭೌಗೋಳಿಕ ಸೂಚಿಕೆ ಪಡೆದ ಬಟ್ಟೆ ಅದು. ಆ ಊರಿನ ನೇಕಾರರಲ್ಲಿ ದೇವಾಂಗದವರು ಅನೇಕರಿದ್ದಾರೆ; ಅವರಲ್ಲಿ ಬಹಳ ಮನೆಗಳಲ್ಲಿ ಆಡುವುದು ಕನ್ನಡ, ಓದು ಬರಹ ತಮಿಳು. ನಾನೂ ಅಂಥ ಮನೆಯವನೇ. ಕನ್ನಡ ಅಕ್ಷರ ಕಲಿತದ್ದು ಬೆಂಗಳೂರಿಗೆ ಬಂದ ಮೇಲೆ. ಮನೆದೇವರು ಚೌಡೇಶ್ವರಿಗೆ ನಡೆಯುವ ಅಲಗು ಸೇವೆಯಲ್ಲಿ ಕೂಗುವ ಮಾತು ನನಗೆ ಓದಲು ಬರುವ ಮೊದಲೇ ಬಾಯಿಗೆ ಬಂದಿತ್ತು.

ಪಂಚೆ ಬೆಳ್ಳಗಾಗುವುದು ಮಗ್ಗದ ಮೇಲಲ್ಲ. ಕಚ್ಚಾ ರೇಷ್ಮೆಗೆ ಮೈತುಂಬ ಗೋಂದು. ಸೋಪು, ಸೋಡಾ ಹಾಕಿದ ಬಿಸಿನೀರಿನಲ್ಲಿ ಕುದಿಸಿ ಅದನ್ನು ಬಿಡಿಸಿದರೆ ನೂಲಿನ ತೂಕ ಹೆಚ್ಚುಕಡಿಮೆ ಕಾಲು ಭಾಗ ಇಳಿಯುತ್ತದೆ, ಹೊಳಪು ಏರುತ್ತದೆ. ಬಣ್ಣದ ಸೀರೆಯಲ್ಲಾದರೆ ಸಣ್ಣಪುಟ್ಟ ಕಲೆ ಬಣ್ಣದಡಿ ಅಡಗಿಕೊಳ್ಳುತ್ತದೆ. ಬಿಳಿ ಪಂಚೆಯಲ್ಲಿ ಅಡಗಲು ಜಾಗವೇ ಇಲ್ಲ. ಲಾಳಿಗೆ ತಾಗಿದ ಎಣ್ಣೆ, ಬೆರಳಿನ ಬೆವರು, ಹಾಸಿನಲ್ಲಿ ಹರಿದು ಗಂಟು ಹಾಕಿದ ಎಳೆ, ಎಲ್ಲವೂ ಕಣ್ಣಿಗೆ ಹೊಡೆಯುತ್ತದೆ. ಒಡಲೇ ಹೆಚ್ಚು, ಅಂಚೇ ಕಡಿಮೆಯಾದ ಈ ಬಟ್ಟೆಯನ್ನು ಸುಲಭದ ಕೆಲಸ ಎನ್ನುವವರು ಒಮ್ಮೆ ಮಗ್ಗದಲ್ಲಿ ಕೂತು ನೋಡಬೇಕು.

ನೂಲಿನ ಮೂಲ ಹುಡುಕಿದರೆ ದಾರಿ ಧರ್ಮಪುರಿಗೆ ಹೋಗುತ್ತದೆ. 1965ರವರೆಗೆ ಅದು ಸೇಲಂ ಜಿಲ್ಲೆಯದೇ ಭಾಗ. ಅಲ್ಲಿಯ ಸರ್ಕಾರಿ ಗೂಡು ಮಾರುಕಟ್ಟೆ ತಮಿಳುನಾಡಿನ ಮುಖ್ಯ ಮಾರುಕಟ್ಟೆಗಳಲ್ಲೊಂದು. ರೇಷ್ಮೆ ಹುಳು ಇಪ್ಪತ್ತೈದು ದಿನದ ಆಸುಪಾಸು ಹಿಪ್ಪುನೇರಳೆ ಸೊಪ್ಪು ಮೇಯುತ್ತದೆ. ನಡುವೆ ನಾಲ್ಕು ಸಲ ಮೇವು ಬಿಟ್ಟು ಪೊರೆ ಕಳಚುತ್ತದೆ. ರೈತರ ಬಾಯಲ್ಲಿ ಅದು 'ಜ್ವರ'. ನಾಲ್ಕು ಜ್ವರ ದಾಟಿ ಹಣ್ಣಾದ ಹುಳುವನ್ನು ಚಂದ್ರಿಕೆಯೆಂಬ ತಟ್ಟೆಗೆ ಬಿಟ್ಟರೆ ಗೂಡು ಕಟ್ಟುತ್ತದೆ. ದ್ವಿತಳಿ ಎಂಬ ಬಗೆಯ ಹುಳುವಿನ ಗೂಡು ಬಿಳಿ, ಒಂದೊಂದರಲ್ಲೂ ಸುಮಾರು ಒಂದು ಕಿಲೋಮೀಟರ್ ಉದ್ದದ ಎಳೆ. ಒಳಗಿನ ಚಿಟ್ಟೆ ಗೂಡು ತೂತು ಮಾಡಿ ಹೊರಬಂದರೆ ಎಳೆ ತುಂಡಾಗಿ ಹೋಯಿತು. ಹಾಗಾಗಿ ರೈತನಿಗೆ ಬೆಲೆ ಏರಲೆಂದು ಕಾಯುವ ಅನುಕೂಲವಿಲ್ಲ. ತಂದ ದಿನ ಹರಾಜಿನಲ್ಲಿ ಕೂಗಿದ ಬೆಲೆಗೆ ಕೊಡಬೇಕು. ಈ ವ್ಯವಹಾರದಲ್ಲಿ ನನಗೆ ಅನ್ಯಾಯವಾಗಿ ಕಾಣುವುದು ಇದೊಂದೇ, ಆದರೆ ಇದೇ ದೊಡ್ಡದು.

ನನ್ನ ಮಗಳಿಗೆ ಇದರಲ್ಲಿ ಯಾವುದೂ ಗೊತ್ತಿರಲಿಲ್ಲ. ಅವಳು ಒಮಾನಿನ ಮಸ್ಕತ್ತಿನಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದಾಳೆ. ಕಳೆದ ಚಳಿಗಾಲದಲ್ಲಿ ಅವಳ ಬಳಿ ಹೋದಾಗ ರಜೆಯಲ್ಲೆಲ್ಲ ಊರು ಸುತ್ತಿಸಿದಳು. ಮತ್ರಾದ ಕಡಲದಂಡೆಯ ರಸ್ತೆ, ಪೋರ್ಚುಗೀಸರ ಕೋಟೆ, ಅದರಾಚೆ ಸೂಕ್ ಎಂಬ ಪೇಟೆ. ಲೋಬಾನದ ಹೊಗೆ ಅಂಗಡಿಯಿಂದ ಅಂಗಡಿಗೆ ಹಿಂಬಾಲಿಸುತ್ತದೆ. ಗುಜರಾತಿನ ಕಚ್ಛ್‌ನಿಂದ ಬಂದ ವರ್ತಕರು ಇಲ್ಲಿ ತಲೆಮಾರುಗಳಿಂದ ಇದ್ದಾರೆ. 1970ರವರೆಗೂ ಒಮಾನಿನಲ್ಲಿ ರೂಪಾಯಿ ನಡೆಯುತ್ತಿತ್ತು. ನನ್ನ ಕಣ್ಣು ಮಾತ್ರ ಬಟ್ಟೆಯ ಮೇಲೆ. ಗಂಡಸರ ಕಸೂತಿ ಟೋಪಿ 'ಕುಮ್ಮಾ', ನಿಲುವಂಗಿಯೊಳಗೆ ಲುಂಗಿಯಂತೆ ಸುತ್ತುವ 'ವಿಝಾರ್'. ಬಿಳಿ ರೇಷ್ಮೆ ಪಂಚೆ ಇಲ್ಲಿ ಮಾರಾಟವಾಗಬಹುದೇ ಎಂಬ ನೇಕಾರ ಬುದ್ಧಿ ನನ್ನದು. ಮಗಳು ನಕ್ಕಳು: "ಅಪ್ಪಾ, ಇಲ್ಲಿ ಗಂಡಸರು ರೇಷ್ಮೆ ಉಡೋ ಹಾಗಿಲ್ಲ."

ಅವಳ ಮಾತು ಸರಿ. ಇಸ್ಲಾಮಿನಲ್ಲಿ ಗಂಡಸರಿಗೆ ಅಪ್ಪಟ ರೇಷ್ಮೆ ನಿಷಿದ್ಧ. ಹದೀಸಿನಲ್ಲಿ ನಾಲ್ಕು ಬೆರಳಗಲದಷ್ಟಕ್ಕೆ ವಿನಾಯಿತಿ ಇದೆ. ಮೈಗೆ ಹತ್ತಿ, ಹೊರಗೆ ರೇಷ್ಮೆ ಬರುವಂತೆ ನೇಯುವ ಮಶ್ರೂ ಬಟ್ಟೆ ಹೆಸರಾದದ್ದು ಇದೇ ಕಟ್ಟಳೆಯ ನಡುವೆ. ನಮ್ಮಲ್ಲಿ ಮಡಿಗೆ ರೇಷ್ಮೆಯೇ ಬೇಕು, ಅಲ್ಲಿ ಗಂಡಸರ ಮೈಗೆ ಅದೇ ಬೇಡ. ಎರಡು ಕಡೆಯೂ ನಡುವೆ ಸಿಕ್ಕವನು ನೇಕಾರನೇ, ಬಿಡಿ.

2001ರಲ್ಲಿ ತೆರೆದ ಸುಲ್ತಾನ್ ಕಾಬೂಸ್ ಮಸೀದಿಗೆ ಬೆಳಿಗ್ಗೆ ಹೋದೆವು. ಬೇರೆ ಧರ್ಮದವರಿಗೆ ಶುಕ್ರವಾರ ಬಿಟ್ಟು ಉಳಿದ ದಿನ ಬೆಳಗಿನ ಹೊತ್ತಷ್ಟೇ ಪ್ರವೇಶ. ಮಗಳು ದುಪಟ್ಟಾ ತಲೆಗೆ ಸುತ್ತಿಕೊಂಡಳು. ಒಳಗೆ ಹಾಸಿರುವ ಒಂದೇ ಜಮಖಾನೆಯ ತೂಕ 21 ಟನ್. ಇರಾನಿನ ಸುಮಾರು 600 ಹೆಂಗಸರು ನಾಲ್ಕು ವರ್ಷ ಕೂತು 170 ಕೋಟಿ ಗಂಟು ಹಾಕಿದ್ದಾರೆ. ಮಗಳು ಫೋನು ತೆಗೆದು ಭಾಗಿಸಿ, ಒಬ್ಬೊಬ್ಬಳ ಪಾಲಿಗೆ ಸುಮಾರು 28 ಲಕ್ಷ ಗಂಟು ಎಂದಳು. ಅವಳ ಅಜ್ಜಿ ಮಗ್ಗದ ಹಾಸಿಗೆ ಎಳೆ ಹೊಂದಿಸುತ್ತಿದ್ದ ಕೆಲಸದ ಬಗ್ಗೆ ಮಗಳು ಮೊದಲ ಸಲ ಏನಾದರೂ ಕೇಳಿದ್ದು ಅಲ್ಲಿಂದ ಹೊರಬಂದ ಮೇಲೆ. ಒಮಾನಿನಲ್ಲೂ ನೇಕಾರ ಗುಂಡಿಯಲ್ಲಿ ಕಾಲು ಇಳಿಬಿಟ್ಟು ತುಳಿಯುವ ಮಗ್ಗವಿತ್ತು. ನಮ್ಮ ಗುಂಡಿಮಗ್ಗಕ್ಕೂ ಅದಕ್ಕೂ ದೊಡ್ಡ ವ್ಯತ್ಯಾಸವಿಲ್ಲ ಎಂದಾಗ ಅವಳಿಗೆ ನಂಬಿಕೆ ಬರಲಿಲ್ಲ.

ನಮ್ಮ ರೇಷ್ಮೆಗೂ ಈ ಊರಿಗೂ ಹಳೆಯ ನಂಟಿದೆ ಎಂದು ಟಿಪ್ಪು ಸುಲ್ತಾನನ ಕಥೆ ಹೇಳಿದೆ. ಮಸ್ಕತ್ತಿನಲ್ಲಿ ಅವನದೊಂದು ವ್ಯಾಪಾರದ ಕೋಠಿ ಇತ್ತು. ಅಕ್ಕಿ, ಕರಿಮೆಣಸು, ಗಂಧ ಅಲ್ಲಿಗೆ ಹೋಗುತ್ತಿದ್ದವು. 1780ರ ದಶಕದಲ್ಲಿ ಅಲ್ಲಿಯ ಮೇಲ್ವಿಚಾರಕ ದಾರೋಗನಿಗೆ ಬರೆದ ಕಾಗದದಲ್ಲಿ ರೇಷ್ಮೆ ಹುಳು, ಅದನ್ನು ಸಾಕಬಲ್ಲವರನ್ನು ಕಳಿಸೆಂದು ಕೇಳಿದ್ದಾನೆ. ವಿಲಿಯಂ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ ಇದು ಸಿಗುತ್ತದೆ. ಆಗ ಧರ್ಮಪುರಿ ಸೇರಿದ ಬಾರಾಮಹಲು ಸೀಮೆ ಟಿಪ್ಪುವಿನದೇ. ಸೇಲಂ ಜತೆ ಅದು ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋದದ್ದು 1792ರಲ್ಲಿ. ಹುಳುವಿಗಾಗಿ ಬಂಗಾಳಕ್ಕೂ ಅವನು ಜನ ಕಳಿಸಿದ್ದ.

"ಹಾಗಾದ್ರೆ ಈಗಿನ ಹುಳು ಯಾವ ಊರದ್ದು?" ಎಂದಳು. ಮಸ್ಕತ್ತಿನದೂ ಅಲ್ಲ, ಬಂಗಾಳದ್ದೂ ಅಲ್ಲ. ಇಂದು ಪಂಚೆಗೆ ಬೇಕಾದ ಬಿಳಿ ಗೂಡು ಕಟ್ಟುವ ದ್ವಿತಳಿಗಳಲ್ಲಿ ಹೆಸರಾದವು ಸಿಎಸ್ಆರ್ 2, ಸಿಎಸ್ಆರ್ 4. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ಜಪಾನಿನ ತಜ್ಞರ ನೆರವಿನಿಂದ 1990ರ ದಶಕದಲ್ಲಿ ಬೆಳೆಸಿದವು. ಮುಂದಿನ ರಜೆಗೆ ಧರ್ಮಪುರಿ ಹರಾಜು ನೋಡಬೇಕು ಎಂದಿದ್ದಾಳೆ. ರೈತನಿಗೆ ಬೆಲೆ ಯಾಕೆ ಸಿಗುವುದಿಲ್ಲ ಎಂದು ತಾನೇ ಲೆಕ್ಕ ಹಾಕುತ್ತಾಳಂತೆ.