ಹಳೆಯ ಶಾಯಿ ಪೆನ್ನುಗಳು: ಗುಜರಿಗೆ ಹಾಕುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಲೆಕ್ಕಪತ್ರಗಳು ಗಣಕಯಂತ್ರಕ್ಕೆ ವರ್ಗಾವಣೆಗೊಂಡ ಬಳಿಕ ವ್ಯಾಪಾರಸ್ಥರ ಗಲ್ಲಾಪೆಟ್ಟಿಗೆಯಲ್ಲಿ ಲೇಖನಿಗೆ ಇದ್ದ ಸ್ಥಾನ ಕುಗ್ಗಿದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಎರಡು ಮೂರು ತಲೆಮಾರುಗಳಿಂದ ಬೆಲ್ಲ, ಧಾನ್ಯ, ಜವಳಿ ಹಾಗೂ ದಿನಸಿ ವ್ಯಾಪಾರದಲ್ಲಿ ತೊಡಗಿರುವ ಮನೆತನಗಳ ಹಳೆಯ ಪೆಟ್ಟಿಗೆಗಳಲ್ಲಿ ಹಿರಿಯರು ಬಳಸಿದ ಶಾಯಿ ಪೆನ್ನುಗಳು ಉಳಿದಿರುವ ಸಂಭವ ಸಾಕಷ್ಟಿದೆ. ಅಂಗಡಿ ನವೀಕರಣ ಅಥವಾ ಆಸ್ತಿ ವಿಭಾಗದ ಸಮಯದಲ್ಲಿ ಇವು ಹಳೆಯ ಕಾಗದದೊಡನೆ ಗುಜರಿಗೆ ಹೋಗುವುದೇ ಹೆಚ್ಚು. ಇಂತಹ ಪೆನ್ನುಗಳಿಗೆ ಇಂದು ದೇಶವಿದೇಶಗಳಲ್ಲಿ ಸಂಗ್ರಾಹಕರಿದ್ದಾರೆ. ಸರಿಪಡಿಸಿಕೊಂಡರೆ ದಿನನಿತ್ಯದ ಬರವಣಿಗೆಗೂ ಇವು ಒದಗುತ್ತವೆ. ಆದ್ದರಿಂದ ಅವುಗಳ ಹಿನ್ನೆಲೆ, ರಚನೆ ಹಾಗೂ ಮೌಲ್ಯವನ್ನು ಅರಿತಿರುವುದು ಲಾಭದಾಯಕ.

ಕಡತದಿಂದ ಪೆನ್ನಿನವರೆಗೆ

ಈ ಭಾಗದ ವ್ಯಾಪಾರಿಗಳ ಲೆಕ್ಕ ಬರಹಕ್ಕೆ ಸುದೀರ್ಘ ಇತಿಹಾಸವಿದೆ. ಇಂದು ಸರ್ಕಾರಿ ಕಚೇರಿಯ ಫೈಲಿಗೆ ಬಳಕೆಯಾಗುವ ‘ಕಡತ’ ಎಂಬ ಶಬ್ದ ಮೂಲತಃ ಬಟ್ಟೆಯ ಪುಸ್ತಕವೊಂದರ ಹೆಸರು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತಮ್ಮ ಇತಿಹಾಸ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾರೆ. ಸುಮಾರು ಒಂದು ಅಡಿ ಅಗಲ ಹಾಗೂ 12ರಿಂದ 18 ಅಡಿ ಉದ್ದದ ಹತ್ತಿಬಟ್ಟೆಗೆ ಅಂಟು ಮತ್ತು ಇದ್ದಿಲಿನ ಪುಡಿಯನ್ನು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಅಂಟಿಗೆ ಹುಣಿಸೆಬೀಜದ ಸರಿ ಒದಗುತ್ತಿತ್ತು. ಶಾನುಭೋಗರಷ್ಟೇ ಅಲ್ಲದೆ ವರ್ತಕರೂ ಇದನ್ನು ಬಳಸುತ್ತಿದ್ದರು. ಬರೆದದ್ದನ್ನು ಅಳಿಸಿ ಮತ್ತೆ ಬರೆಯಬಹುದಾಗಿದ್ದುದು ಅದರ ಅನುಕೂಲವೂ ಹೌದು, ದೋಷವೂ ಹೌದು. ಶಾಸ್ತ್ರಗ್ರಂಥಗಳಿಗಾದರೆ ತಾಳೆಗರಿ ಮತ್ತು ಕಂಟ. ಅಂತಹ ಗರಿಗಳ ಸಂಗ್ರಹವನ್ನು ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಸಂಸ್ಕೃತ ಸಂಶೋಧನಾ ಸಂಸತ್ತಿನಲ್ಲಿ ಕಾಣಬಹುದು.

ಕಾಗದ ಬಂದಂತೆ ಲಾಳದಕಡ್ಡಿಯ ಲೇಖನಿ, ಅನಂತರ ದೌತಿಯಲ್ಲಿ ಅದ್ದಿ ಬರೆಯುವ ಉಕ್ಕಿನ ನಿಬ್ಬು, ಕೊನೆಗೆ ಶಾಯಿಯನ್ನು ತನ್ನೊಳಗೇ ಹೊತ್ತ ಪೆನ್ನು ಬಳಕೆಗೆ ಬಂದವು. 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿ ಸ್ಥಾಪನೆಗೊಂಡವು. ಕೃಷ್ಣರಾಜಸಾಗರದ ನೀರಿನಿಂದ ಕಬ್ಬಿನ ಬೆಳೆ ವಿಸ್ತರಿಸಿ 1930ರ ದಶಕದಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಆರಂಭವಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಚೆಕ್ಕು, ಕರಾರುಪತ್ರ, ರೈಲ್ವೆ ರಸೀದಿ, ಕೀರ್ದಿ, ಖಾತೆ ಇವುಗಳ ಬರವಣಿಗೆ ಹೆಚ್ಚಿದ ಈ ಕಾಲವೇ ಶಾಯಿ ಪೆನ್ನು ವ್ಯಾಪಾರಸ್ಥರ ಜೇಬಿಗೆ ಬಂದ ಕಾಲ.

ಪೆನ್ನು ಕೆಲಸ ಮಾಡುವ ಬಗೆ

ಶಾಯಿ ಪೆನ್ನಿನ ಮುಖ್ಯ ತೊಡಕು ಶಾಯಿಯನ್ನು ಹೊರಗೆ ಬಿಡುವುದಲ್ಲ, ತಡೆದು ಬಿಡುವುದು. ಹೊರಬಂದ ಶಾಯಿಯಷ್ಟೇ ಗಾಳಿ ಒಳಗೆ ಹೋಗದಿದ್ದರೆ ಬರಹ ನಿಲ್ಲುತ್ತದೆ. ಹೆಚ್ಚು ಗಾಳಿ ನುಗ್ಗಿದರೆ ಶಾಯಿ ಸುರಿಯುತ್ತದೆ. ನಿಬ್ಬಿನ ಕೆಳಗೆ ಕೂರುವ, ‘ನಾಲಿಗೆ’ ಎನ್ನಲಾಗುವ ತುಂಡಿನಲ್ಲಿ ಸೂಕ್ಷ್ಮ ಗೀರುಗಳನ್ನು ಕೊರೆದು, ಶಾಯಿ ಹಾಗೂ ಗಾಳಿ ಎರಡರ ಸಂಚಾರವನ್ನೂ ಹದಗೊಳಿಸುವ ವಿಧಾನಕ್ಕೆ ಅಮೆರಿಕದ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದರು. ಇಂದಿಗೂ ತತ್ವ ಅದೇ.

ಹಳೆಯ ಪೆನ್ನುಗಳನ್ನು ಶಾಯಿ ತುಂಬುವ ಕ್ರಮದಿಂದ ವರ್ಗೀಕರಿಸಬಹುದು. ಫಿಲ್ಲರಿನಿಂದ ಕೊಳವೆಗೆ ನೇರವಾಗಿ ಶಾಯಿ ಹಾಕುವುದು ಮೊದಲನೆಯ ಕ್ರಮ. ಭಾರತದಲ್ಲಿ ತಯಾರಾದ ಪೆನ್ನುಗಳಲ್ಲಿ ಬಹುಪಾಲು ಈ ಬಗೆಯವು. ಒಳಗೆ ರಬ್ಬರ್ ಚೀಲವಿದ್ದು, ಪಕ್ಕದ ಸನ್ನೆಯನ್ನು ಎತ್ತಿ ಚೀಲವನ್ನು ಒತ್ತಿ ಶಾಯಿ ಹೀರಿಸುವುದು ಎರಡನೆಯದು. ಶೇಫರ್ ಕಂಪನಿಯ ಪೆನ್ನುಗಳಿಂದ ಇದು ಪ್ರಸಿದ್ಧವಾಯಿತು. ಹಿಂಬದಿಯ ತಿರುಪು ತಿರುಗಿಸಿ ಪಿಸ್ಟನ್ನಿನಿಂದ ಎಳೆಯುವುದು ಮೂರನೆಯದು. 1941ರಲ್ಲಿ ಮಾರುಕಟ್ಟೆಗೆ ಬಂದ ಪಾರ್ಕರ್ 51 ನಿಬ್ಬನ್ನು ಮುಸುಕಿನೊಳಗೆ ಅಡಗಿಸಿ ಶಾಯಿ ಒಣಗುವುದನ್ನು ತಡೆಯಿತು. ಚೀನಾದ ಶಾಂಘೈನಿಂದ ಬಂದು ನಮ್ಮಲ್ಲಿ ಮನೆಮಾತಾದ ಹೀರೋ ಪೆನ್ನುಗಳು ಇದೇ ಮಾದರಿಯವು.

ಸ್ವದೇಶಿ ಪೆನ್ನು, ಸ್ವದೇಶಿ ಶಾಯಿ

ಭಾರತೀಯ ಪೆನ್ನು ಉದ್ಯಮ ಬೆಳೆದದ್ದು ದೊಡ್ಡ ಕಾರ್ಖಾನೆಗಳಿಂದಲ್ಲ, ಲೇತ್ ಯಂತ್ರವಿದ್ದ ಚಿಕ್ಕ ಕಾರ್ಯಾಗಾರಗಳಿಂದ. ಆಂಧ್ರದ ರಾಜಮಹೇಂದ್ರಿಯಲ್ಲಿ ಕೆ.ವಿ. ರತ್ನಂ ಅವರು 1930ರ ದಶಕದ ಆರಂಭದಲ್ಲಿ ಪೆನ್ನು ತಯಾರಿಕೆಗೆ ತೊಡಗಿದರು. ಅವರು ಕಳುಹಿಸಿದ ಸ್ವದೇಶಿ ಪೆನ್ನಿಗೆ ಗಾಂಧೀಜಿ 1935ರಲ್ಲಿ ಮೆಚ್ಚುಗೆಯ ಪತ್ರ ಬರೆದರು. ಮದ್ರಾಸು, ಹೈದರಾಬಾದು, ಮುಂಬಯಿ ನಗರಗಳಲ್ಲಿಯೂ ತಯಾರಕರು ನೆಲೆಗೊಂಡರು. ಶಾಯಿಯ ಕ್ಷೇತ್ರದಲ್ಲಿ ಮುಂಬಯಿಯ ದಾಂಡೇಕರ್ ಸಂಸ್ಥೆ 1931ರಲ್ಲಿ ಆರಂಭವಾಗಿ ಮುಂದೆ ಕ್ಯಾಮ್ಲಿನ್ ಎಂದು ಹೆಸರಾಯಿತು. ಬಂಗಾಳದಲ್ಲಿ 1934ರಲ್ಲಿ ಸುಲೇಖಾ ಹುಟ್ಟಿತು. ನಮ್ಮ ರಾಜ್ಯದ ಮಟ್ಟಿಗೆ ಬೆಂಗಳೂರಿನ ಬ್ರಿಲ್ ಶಾಯಿ ಶಾಲಾಮಕ್ಕಳಿಂದ ಗುಮಾಸ್ತರವರೆಗೆ ಎಲ್ಲರಿಗೂ ಪರಿಚಿತವಾಯಿತು.

ಮೈಸೂರಿನ ಬಣ್ಣ ಮತ್ತು ಅರಗಿನ ಕಾರ್ಖಾನೆಯ ಶಾಯಿಯೂ ಪ್ರಸಿದ್ಧ. 1937ರಲ್ಲಿ ಸ್ಥಾಪಿತವಾದ ಈ ಸಂಸ್ಥೆ 1962ರ ಸಾರ್ವತ್ರಿಕ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ಪೂರೈಸುತ್ತ ಬಂದಿದೆ. ಬೆಳ್ಳಿಯ ನೈಟ್ರೇಟ್ ಇರುವ ಆ ಶಾಯಿ ಚರ್ಮಕ್ಕಾಗಿ ತಯಾರಾದದ್ದು. ಪೆನ್ನಿಗೆ ಅದು ಸಲ್ಲದು.

ಪೆನ್ನು ಹಿಂದೆ ಸರಿಯಲು ಕಾರಣ

ಅಗ್ಗದ ಬೆಲೆಯೊಂದೇ ಬಾಲ್ ಪೆನ್ನಿನ ಗೆಲುವಿಗೆ ಕಾರಣವಲ್ಲ. ವ್ಯಾಪಾರದಲ್ಲಿ ನಕಲು ಪ್ರತಿ ಬೇಕು. ಬಿಲ್ಲು ಪುಸ್ತಕದ ನಡುವೆ ಕಾರ್ಬನ್ ಹಾಳೆಯಿಟ್ಟು ಬರೆಯುವಾಗ ಒತ್ತಡ ಅಗತ್ಯ. ಒತ್ತಿ ಬರೆದರೆ ಶಾಯಿ ಪೆನ್ನಿನ ನಿಬ್ಬು ಕವಲೊಡೆದು ಹಾಳಾಗುತ್ತದೆ. ಬಾಲ್ ಪೆನ್ನಿಗಾದರೋ ಒತ್ತಡವೇ ಸಹಜ. ಹೀಗೆ ಮಾರಾಟ ತೆರಿಗೆಯ ಕಾಲದ ದ್ವಿಪ್ರತಿ, ತ್ರಿಪ್ರತಿ ಬಿಲ್ಲುಗಳು ಶಾಯಿ ಪೆನ್ನನ್ನು ಸಹಿ ಮತ್ತು ಖಾತೆ ಪುಸ್ತಕಕ್ಕೆ ಸೀಮಿತಗೊಳಿಸಿದವು. ಗಣಕಯಂತ್ರ ಖಾತೆ ಪುಸ್ತಕವನ್ನೂ ತೆಗೆದುಕೊಂಡಿತು. ಉಳಿದದ್ದು ಸಹಿ ಮಾತ್ರ.

ಗುರುತಿಸುವುದು ಹೇಗೆ?

ಕೈಗೆ ಬಂದ ಹಳೆಯ ಪೆನ್ನಿನ ಬೆಲೆ ನಾಲ್ಕು ಅಂಶಗಳ ಮೇಲೆ ನಿಂತಿದೆ: ತಯಾರಕರ ಹೆಸರು, ನಿಬ್ಬು, ಒಡಲಿನ ವಸ್ತು ಮತ್ತು ಸ್ಥಿತಿ.

ನಿಬ್ಬಿನ ಮೇಲೆ 14 ಕ್ಯಾರೆಟ್ ಅಥವಾ 585 ಎಂಬ ಮುದ್ರೆಯಿದ್ದರೆ ಅದು ಚಿನ್ನದ್ದು. ಶುದ್ಧ ಚಿನ್ನದ ಪಾಲು ನೂರಕ್ಕೆ ಸುಮಾರು 58. ಚಿನ್ನದ ಲೇಪದ ಉಕ್ಕಿನ ನಿಬ್ಬೂ ನೋಡಲು ಹಾಗೆಯೇ ಇರುತ್ತದೆ. ಅದರ ಮೇಲೆ ಲೇಪವನ್ನು ಸೂಚಿಸುವ ಅಕ್ಷರಗಳಿರಬಹುದು. ಮುಚ್ಚಳದ ಮೇಲಿನ ‘ಜಿ.ಎಫ್.’, ‘ಆರ್.ಜಿ.ಪಿ.’ ಎಂಬ ಅಕ್ಷರಗಳು ತೆಳು ಚಿನ್ನದ ಹೊದಿಕೆಯನ್ನಷ್ಟೇ ಹೇಳುತ್ತವೆ.

ಈ ಹಂತದಲ್ಲಿಯೇ ದೊಡ್ಡ ನಷ್ಟ ಸಂಭವಿಸುವುದು. ನಿಬ್ಬನ್ನು ಕಿತ್ತು ಚಿನ್ನದ ತೂಕಕ್ಕೆ ಮಾರುವ ರೂಢಿಯಿದೆ. 0.3 ಗ್ರಾಂ ತೂಗುವ 14 ಕ್ಯಾರೆಟ್ ನಿಬ್ಬಿನಲ್ಲಿ ಶುದ್ಧ ಚಿನ್ನ ಸುಮಾರು 0.175 ಗ್ರಾಂ ಮಾತ್ರ. ಕರಗಿಸುವ ಖರ್ಚು, ಸವಕಲು ಕಳೆದರೆ ಕೈಗೆ ಸಿಗುವುದು ಇನ್ನೂ ಕಡಿಮೆ. ಇತ್ತ ಹೆಸರಾಂತ ತಯಾರಕರ ಪೆನ್ನು ನಿಬ್ಬು ಕಳೆದುಕೊಂಡ ಕ್ಷಣವೇ ಸಂಗ್ರಾಹಕರ ಪಾಲಿಗೆ ಬರಿಯ ಬಿಡಿಭಾಗವಾಗುತ್ತದೆ. ಮೂಲ ನಿಬ್ಬಿನೊಡನೆ ಇರುವ ಪೆನ್ನನ್ನು ಇಡಿಯಾಗಿ ಮಾರುವುದೇ ಲೇಸು.

ಒಡಲಿನ ವಸ್ತುವಿನಲ್ಲಿ ಎಬೊನೈಟ್ ಮುಖ್ಯವಾದುದು. ರಬ್ಬರಿಗೆ ಹೆಚ್ಚಿನ ಪ್ರಮಾಣದ ಗಂಧಕ ಸೇರಿಸಿ ಕಾಯಿಸಿ ಗಟ್ಟಿಗೊಳಿಸಿದ ಇದನ್ನು ಬೆರಳಿನಿಂದ ಉಜ್ಜಿದರೆ ಗಂಧಕದ ವಾಸನೆ ಬರುತ್ತದೆ. ಬೆಳಕು, ತೇವಗಳಿಂದ ಕಪ್ಪು ಎಬೊನೈಟ್ ಕಂದು ಬಣ್ಣಕ್ಕೆ ತಿರುಗುವುದು ಸಹಜ. ಬಣ್ಣಬಣ್ಣದ ಪಟ್ಟೆಗಳುಳ್ಳ ಹಳೆಯ ಪೆನ್ನು ಸೆಲ್ಯುಲಾಯ್ಡ್ ಆಗಿರಬಹುದು. ಅದು ಬೇಗ ಹೊತ್ತಿಕೊಳ್ಳುವ ವಸ್ತುವಾದ ಕಾರಣ ಬೆಂಕಿಯ ಹತ್ತಿರ ತರಬಾರದು. ಹಳೆಯ ಮಾಲೀಕರ ಹೆಸರು ಕೆತ್ತಿದ್ದರೆ ಸಾಮಾನ್ಯವಾಗಿ ಬೆಲೆ ಇಳಿಯುತ್ತದೆ, ಆದರೆ ಮನೆತನಕ್ಕೆ ಅದೇ ದಾಖಲೆ. ಕೆತ್ತನೆಯನ್ನು ಉಜ್ಜಿ ತೆಗೆಯುವುದು ಎರಡೂ ಬಗೆಯಲ್ಲಿ ನಷ್ಟ.

ಪೆನ್ನಿನ ಜೊತೆಗೆ ಸಿಗುವ ಡಬ್ಬಿ, ಖರೀದಿಯ ರಸೀದಿ, ಅದೇ ಪೆನ್ನಿನಿಂದ ಬರೆದ ಪತ್ರಗಳು ಕಾಲನಿರ್ಣಯಕ್ಕೆ ನೆರವಾಗುತ್ತವೆ. ಪಾಂಡವಪುರಕ್ಕೆ ಹಿಂದೆ ಹಿರೋಡೆ ಮತ್ತು ಫ್ರೆಂಚ್ ರಾಕ್ಸ್ ಎಂಬ ಹೆಸರುಗಳಿದ್ದವು. ಆ ಹೆಸರಿನ ವಿಳಾಸ ಅಥವಾ ಅಂಚೆ ಮುದ್ರೆಯುಳ್ಳ ವ್ಯಾಪಾರ ಪತ್ರ ದೊರೆತರೆ ಅದನ್ನು ಪೆನ್ನಿನಿಂದ ಬೇರ್ಪಡಿಸದೆ ಇಡುವುದು ಸೂಕ್ತ.

ಶುಚಿಗೊಳಿಸಿ ಬಳಕೆಗೆ ತರುವ ಕ್ರಮ

ವರ್ಷಾನುಗಟ್ಟಲೆ ಬಿದ್ದಿದ್ದ ಪೆನ್ನಿನಲ್ಲಿ ಶಾಯಿ ಗಟ್ಟಿಯಾಗಿರುತ್ತದೆ. ಇಕ್ಕಳದಿಂದ ತಿರುಚುವುದು ಮೊದಲ ತಪ್ಪು. ನಿಬ್ಬಿನ ಭಾಗವನ್ನು ತಣ್ಣೀರಿನಲ್ಲಿ ಒಂದೆರಡು ದಿನ ನೆನೆಸಿ, ನೀರು ಬದಲಿಸುತ್ತ ಹೋದರೆ ಹೆಚ್ಚಿನ ಪೆನ್ನುಗಳು ತಾವಾಗಿಯೇ ಸಡಿಲುತ್ತವೆ. ಎಬೊನೈಟ್ ಒಡಲನ್ನು ಪೂರ್ತಿ ನೆನೆಸಬಾರದು, ಬಿಸಿನೀರನ್ನಂತೂ ಮುಟ್ಟಿಸಬಾರದು, ಬಣ್ಣ ಕೆಡುತ್ತದೆ. ಸ್ಪಿರಿಟ್, ಉಗುರುಬಣ್ಣ ತೆಗೆಯುವ ದ್ರಾವಣ ಮುಂತಾದವು ಸೆಲ್ಯುಲಾಯ್ಡನ್ನೂ ಅನೇಕ ಬಗೆಯ ಪ್ಲಾಸ್ಟಿಕ್ಕನ್ನೂ ಕರಗಿಸುತ್ತವೆ. ಒಳಗಿನ ರಬ್ಬರ್ ಚೀಲ ಗಟ್ಟಿಯಾಗಿ ಒಡೆದಿದ್ದರೆ ಹೊಸ ಚೀಲವನ್ನು ಅರಗಿನ ದ್ರಾವಣದಿಂದ ಅಂಟಿಸಬೇಕು; ಇದು ಅನುಭವಿಗಳ ಕೆಲಸ.

ಫಿಲ್ಲರಿನಿಂದ ತುಂಬುವ ಪೆನ್ನಿನಲ್ಲಿ 2ರಿಂದ 3 ಮಿಲಿಲೀಟರ್ ಶಾಯಿ ಹಿಡಿಯಬಹುದು. ಆದರೆ ಶಾಯಿ ಅರ್ಧಕ್ಕಿಂತ ಕಡಿಮೆಯಾದಾಗ ಒಳಗಿನ ಗಾಳಿ ಅಂಗೈಯ ಶಾಖಕ್ಕೆ ಹಿಗ್ಗಿ ಶಾಯಿಯನ್ನು ತಳ್ಳುತ್ತದೆ. ಕಾಗದದ ಮೇಲೆ ಹನಿ ಬೀಳುವುದು ಇದರಿಂದ. ಅಂತಹ ಪೆನ್ನನ್ನು ಅರ್ಧ ಮುಗಿಯುತ್ತಿದ್ದಂತೆ ತುಂಬಿಸಿಕೊಳ್ಳಬೇಕು. ತಿರುಪಿನ ಸುತ್ತುಗಳಿಗೆ ತುಸು ಸಿಲಿಕೋನ್ ಗ್ರೀಸ್ ಸವರಿದರೆ ಸೋರಿಕೆ ನಿಲ್ಲುತ್ತದೆ. ಬಳಸದೆ ಇಡುವುದಾದರೆ ಶಾಯಿ ಖಾಲಿ ಮಾಡಿ ತೊಳೆದೇ ಇಡತಕ್ಕದ್ದು.

ಶಾಯಿಯ ಆಯ್ಕೆ ಮತ್ತು ಚೆಕ್ಕಿನ ಸುರಕ್ಷತೆ

ಶಾಯಿಯ ವಿಷಯದಲ್ಲಿ ವ್ಯಾಪಾರಸ್ಥರು ವಿಶೇಷ ಎಚ್ಚರ ವಹಿಸಬೇಕು. ಶಾಲಾಮಕ್ಕಳಿಗೆಂದು ಮಾರುವ, ತೊಳೆದರೆ ಹೋಗುವ ನೀಲಿ ಶಾಯಿ ಬಣ್ಣದ ದ್ರಾವಣವಷ್ಟೇ. ನೀರು ತಗಲಿದರೆ ಅದು ಹರಡುತ್ತದೆ, ಬಿಸಿಲಿಗೆ ಮಾಸುತ್ತದೆ. ಅದರಿಂದ ಚೆಕ್ಕು ಬರೆದರೆ ಹೆಸರು ಅಥವಾ ಮೊತ್ತವನ್ನು ಅಳಿಸಿ ತಿದ್ದುವ ವಂಚಕನಿಗೆ ದಾರಿ ಮಾಡಿಕೊಟ್ಟಂತೆ.

ಹಿಂದಿನ ‘ಬ್ಲೂ ಬ್ಲಾಕ್’ ಶಾಯಿಗಳಲ್ಲಿ ಹಲವು ಕಬ್ಬಿಣದ ಲವಣ ಮತ್ತು ಮಾಯಿಫಲದಂತಹ ವಸ್ತುಗಳ ಒಗರಿನಿಂದ ತಯಾರಾಗುತ್ತಿದ್ದವು. ಬರೆದಾಗ ತಿಳಿಯಾಗಿರುವ ಈ ಶಾಯಿ ಗಾಳಿಗೆ ಒಡ್ಡಿಕೊಂಡಂತೆ ಕಪ್ಪಾಗಿ, ನೀರಿನಲ್ಲಿ ಕರಗದ ವಸ್ತುವಾಗಿ ಕಾಗದದ ನಾರಿನೊಳಗೆ ನೆಲೆಯೂರುತ್ತದೆ. ಹಳೆಯ ಕ್ರಯಪತ್ರಗಳು ಇಂದಿಗೂ ಓದಲು ಬರುವುದಕ್ಕೆ ಇದೊಂದು ಕಾರಣ. ಆದರೆ ಈ ಶಾಯಿ ಆಮ್ಲೀಯ. ಉಕ್ಕಿನ ನಿಬ್ಬನ್ನು ತಿನ್ನುತ್ತದೆ. ಚಿನ್ನದ ನಿಬ್ಬು ಬಳಕೆಗೆ ಬಂದದ್ದು ವೈಭವಕ್ಕಾಗಿ ಅಲ್ಲ, ಈ ಆಮ್ಲವನ್ನು ತಾಳಿಕೊಳ್ಳುವುದಕ್ಕಾಗಿ. ಇಂದು ಚೆಕ್ಕು, ಕರಾರುಗಳಿಗೆ ‘ಪರ್ಮನೆಂಟ್’ ಎಂದು ನಮೂದಿಸಿದ, ಪೆನ್ನಿಗೆಂದೇ ತಯಾರಿಸಿದ ಗಾಢ ನೀಲಿ ಅಥವಾ ಕಪ್ಪು ಶಾಯಿ ಒಳ್ಳೆಯದು. ಒಂದು ಗೆರೆ ಬರೆದು, ಒಣಗಿಸಿ, ಒದ್ದೆ ಬೆರಳಾಡಿಸಿ ಪರೀಕ್ಷಿಸಿಕೊಳ್ಳಬಹುದು. ಚಿತ್ರ ಬರೆಯುವ ಇಂಡಿಯನ್ ಇಂಕ್ ಪೆನ್ನನ್ನು ಶಾಶ್ವತವಾಗಿ ಕಟ್ಟಿಹಾಕುತ್ತದೆ.

ಚೆಕ್ಕಿನ ಚಿತ್ರವನ್ನಷ್ಟೇ ಬ್ಯಾಂಕುಗಳ ನಡುವೆ ಕಳುಹಿಸುವ ಸಿ.ಟಿ.ಎಸ್. ವ್ಯವಸ್ಥೆಯಲ್ಲಿ, ಚಿತ್ರದಲ್ಲಿ ಸ್ಪಷ್ಟವಾಗಿ ಮೂಡುವ ಶಾಯಿ ಬಳಸುವಂತೆ ರಿಸರ್ವ್ ಬ್ಯಾಂಕ್ ಸಲಹೆ ನೀಡಿದೆ. ದಿನಾಂಕದ ಊರ್ಜಿತಕ್ಕಲ್ಲದೆ ಬೇರೆ ತಿದ್ದುಪಡಿಗೆ ಅವಕಾಶವಿಲ್ಲ. ಕಪ್ಪು ಶಾಯಿಯನ್ನು ನಿಷೇಧಿಸಲಾಗಿದೆ ಎಂದು 2025ರಲ್ಲಿ ಹಬ್ಬಿದ ಸುದ್ದಿ ಸುಳ್ಳೆಂದು ಸರ್ಕಾರ ಸ್ಪಷ್ಟಪಡಿಸಿದೆ.

ಕಾನೂನಿನ ಮಿತಿ

ಹಳೆಯ ವಸ್ತುಗಳ ವ್ಯಾಪಾರಕ್ಕೆ ಇಳಿಯುವವರು 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯನ್ನು ಅರಿತಿರಬೇಕು. ಐತಿಹಾಸಿಕ ಅಥವಾ ಸಾಹಿತ್ಯಿಕ ಮೌಲ್ಯವುಳ್ಳ ಹಸ್ತಪ್ರತಿ, ದಾಖಲೆಗಳಿಗೆ 75 ವರ್ಷ ತುಂಬಿದ್ದರೆ ಅವು ಪ್ರಾಚ್ಯವಸ್ತುವಿನ ವ್ಯಾಪ್ತಿಗೆ ಬರುತ್ತವೆ; ಇತರ ಪ್ರಾಚೀನ ವಸ್ತುಗಳಿಗೆ ಈ ಮಿತಿ 100 ವರ್ಷ. ಖಾಸಗಿಯವರು ಇಂತಹವನ್ನು ವಿದೇಶಕ್ಕೆ ರಫ್ತು ಮಾಡುವಂತಿಲ್ಲ. ಪೆನ್ನುಗಳಲ್ಲಿ ಹೆಚ್ಚಿನವು ಈ ಮಿತಿಯೊಳಗೆ ಬಾರದಿದ್ದರೂ, ಅವುಗಳೊಡನೆ ಸಿಗುವ ಕಡತ, ಸನ್ನದು, ಲೆಕ್ಕದ ಪುಸ್ತಕಗಳು ಬರಬಹುದು. ಅವನ್ನು ತೂಕಕ್ಕೆ ಹಾಕದೆ ಪುರಾತತ್ವ ಅಥವಾ ಪತ್ರಾಗಾರ ಇಲಾಖೆಯವರಿಗೆ ತೋರಿಸುವುದು ಉಚಿತ.

ಸಣ್ಣ ಉದ್ಯಮಿಗಳಿಗೆ ಅವಕಾಶ

ಎಬೊನೈಟ್ ಕಡ್ಡಿಯಿಂದ ಲೇತಿನ ಮೇಲೆ ಕಡೆದ ಕೈತಯಾರಿಯ ಭಾರತೀಯ ಪೆನ್ನುಗಳಿಗೆ ಇಂದು ವಿದೇಶಗಳಲ್ಲಿಯೂ ಗಿರಾಕಿಗಳಿದ್ದಾರೆ. ತಮಿಳುನಾಡು, ಆಂಧ್ರಪ್ರದೇಶಗಳ ಕುಟುಂಬ ಉದ್ಯಮಗಳು ಇದನ್ನು ತೋರಿಸಿಕೊಟ್ಟಿವೆ. ನಿಬ್ಬು, ನಾಲಿಗೆಗಳನ್ನು ಹೊರಗಿನಿಂದ ತರಿಸಿ, ಒಡಲು ಹಾಗೂ ಮುಚ್ಚಳವನ್ನು ಇಲ್ಲಿಯೇ ಕಡೆಯುವುದಕ್ಕೆ ಬೇಕಾಗುವುದು ಒಂದು ಉತ್ತಮ ಲೇತ್ ಮತ್ತು ತಿರುಪು ಕೊರೆಯುವಲ್ಲಿ ನಿಖರತೆ. ನಾಗಮಂಗಲ ಲೋಹದ ಎರಕದ ಕೆಲಸಕ್ಕೆ ಹಿಂದಿನಿಂದಲೂ ಹೆಸರಾದ ಊರು. ಪೆನ್ನಿನ ಹಿತ್ತಾಳೆ ಉಂಗುರ, ಕ್ಲಿಪ್ಪು, ಮೇಜಿನ ಮೇಲಿಡುವ ಪೆನ್ನು ಪೀಠಗಳು ಆ ಕೌಶಲಕ್ಕೆ ಹೊರತಾದವಲ್ಲ. ಮದ್ದೂರಿನಾಚೆಯ ಚನ್ನಪಟ್ಟಣದ ಅರಗಿನ ಕಡೆತದ ಕೆಲಸವೂ ದೂರವಿಲ್ಲ. ಮೊದಲು ದುರಸ್ತಿಯ ಕೆಲಸದಿಂದ ಆರಂಭಿಸಿದರೆ ಬಂಡವಾಳ ಕಡಿಮೆ, ಕೈ ಪಳಗಿದಂತೆ ತಯಾರಿಕೆಗೆ ವಿಸ್ತರಿಸಬಹುದು.

ಸಾರಾಂಶವಾಗಿ ಹೇಳುವುದಾದರೆ, ಹಳೆಯ ಪೆಟ್ಟಿಗೆ ತೆರೆದಾಗ ಸಿಕ್ಕ ಪೆನ್ನಿನ ನಿಬ್ಬನ್ನು ಕೀಳಬಾರದು, ಬಿಸಿನೀರಿಗೆ ಹಾಕಬಾರದು, ಜೊತೆಯ ಕಾಗದಗಳಿಂದ ಬೇರ್ಪಡಿಸಬಾರದು. ತಯಾರಕರ ಹೆಸರು ಹಾಗೂ ನಿಬ್ಬಿನ ಮುದ್ರೆಯನ್ನು ಭೂತಗನ್ನಡಿಯಲ್ಲಿ ಓದಿ ಬರೆದಿಟ್ಟುಕೊಂಡು, ಇಬ್ಬರು ಮೂವರು ಬಲ್ಲವರಲ್ಲಿ ವಿಚಾರಿಸಿದ ಬಳಿಕವೇ ಮಾರಾಟದ ಮಾತು. ಮಾರುವ ಅಗತ್ಯವಿಲ್ಲದವರು ಶುಚಿಗೊಳಿಸಿ, ಒಳ್ಳೆಯ ಶಾಯಿ ತುಂಬಿ, ದಿನದ ಚೆಕ್ಕುಗಳಿಗೆ ಅದರಿಂದಲೇ ಸಹಿ ಮಾಡಬಹುದು. ಸರಿಯಾಗಿ ನೋಡಿಕೊಂಡ ಪೆನ್ನು ಮುಂದಿನ ತಲೆಮಾರಿನ ಕೈಗೂ ಬರುತ್ತದೆ.