ತೊಟ್ಟಿ ಮುಚ್ಚಬೇಡಿ, ಮನೆಯನ್ನು ಹಿತ್ತಲಿಗೆ ಬೆಳೆಸಿ

ಹಳೆ ಮೈಸೂರು ಸೀಮೆಯ ತೊಟ್ಟಿ ಮನೆಯನ್ನು ನವೀಕರಿಸಲು ಹೊರಟಾಗ ಬಹುಮಟ್ಟಿಗೆ ಮೊದಲು ಬಲಿಯಾಗುವುದು ನಡುವಿನ ತೆರೆದ ಅಂಗಳವಾದ ತೊಟ್ಟಿಯೇ. ಮೇಲೊಂದು ಕಾಂಕ್ರೀಟ್ ತಾರಸಿ ಹಾಕಿದರೆ ದೊಡ್ಡ ಹಾಲ್ ಸಿಕ್ಕಿತು ಎಂಬ ಲೆಕ್ಕ. ಆದರೆ ಸುತ್ತಲಿನ ಕೋಣೆಗಳಿಗೆ ಬೆಳಕು ಬರುವುದು ಅಲ್ಲಿಂದ. ಬಿಸಿಗಾಳಿ ಮೇಲೇರಿ ಹೊರಹೋಗುವುದೂ ಅಲ್ಲಿಂದಲೇ. ಮುಚ್ಚಿದರೆ ಹಗಲಲ್ಲೂ ಲೈಟು ಉರಿಯಬೇಕು, ಫ್ಯಾನು ತಿರುಗುತ್ತಲೇ ಇರಬೇಕು. ಮೇಲಾಗಿ, ಈ ಮನೆಗಳ ಮಣ್ಣಿನ ಗೋಡೆಗಳನ್ನು ಕಟ್ಟಿದ್ದು ಮರದ ತೊಲೆ, ಹೆಂಚುಗಳ ಭಾರಕ್ಕೆ, ತಾರಸಿಯ ಭಾರಕ್ಕಲ್ಲ.

ಮಳೆ, ಸೊಳ್ಳೆ, ಕಳ್ಳರ ಭಯ? ಭಯ ನಿಜವೇ. ಅದಕ್ಕೆ ಕಬ್ಬಿಣದ ಸರಳು, ಸೊಳ್ಳೆ ಪರದೆ, ಮೇಲೆ ಒಂದೆರಡು ಅಡಿ ಎತ್ತರಿಸಿ ಕೂರಿಸಿದ ಗಾಜಿನ ಮಾಡು ಸಾಕು. ಪಕ್ಕದ ಸಂದಿನಲ್ಲಿ ಗಾಳಿ ಆಡುತ್ತದೆ. ಇನ್ನು, ವಯಸ್ಸಾದವರಿಗೆ ಕೋಣೆಗೆ ಹೊಂದಿಕೊಂಡ ಬಚ್ಚಲು ಬೇಕೇ ಬೇಕು, ಇದರಲ್ಲಿ ರಾಜಿ ಸಲ್ಲದು. ಅದನ್ನು ಹಿತ್ತಲ ಕಡೆ ಬೇರೆ ಪಾಯ ಹಾಕಿ ಕಟ್ಟಿ. ನೀರಿನ ಪೈಪು ಮಣ್ಣಿನ ಗೋಡೆಯೊಳಗೆ ಹೋಗಲೇಬಾರದು. ಹಳೆ ಗೋಡೆಗೆ ಸಿಮೆಂಟ್ ಬಳಿದರೆ ಗಟ್ಟಿ ಅನ್ನುವವರಿದ್ದಾರೆ. ಸಿಮೆಂಟು ಒಳಗಿನ ತೇವವನ್ನು ಹೊರಬಿಡದು. ಮಣ್ಣು ಒಳಗೊಳಗೇ ಮೆತ್ತಗಾಗಿ, ಕೊನೆಗೆ ಗಿಲಾವು ಕಳಚಿ ಬೀಳುತ್ತದೆ. ಸುಣ್ಣದ ಗಾರೆ ಗಟ್ಟಿಯಾಗಲು ವಾರಗಟ್ಟಲೆ ಬೇಕು, ಬಲ್ಲ ಕೆಲಸಗಾರರನ್ನು ಹುಡುಕಬೇಕು. ಆದರೂ ಅದನ್ನೇ ಹಾಕಿಸಿ.