ಗಂಟೆಗೆ ಐದು, ಸೆಕೆಂಡಿಗೆ ಆರು

ಅಮೆರಿಕದ ಮಾಂಟಾನಾ ರಾಜ್ಯದ ಪ್ಯಾರಡೈಸ್ ಕಣಿವೆಯಲ್ಲಿ ಬೆಳೆದ, ಮನೆಯಲ್ಲೇ ಪಾಠ ಕಲಿತ ಹುಡುಗನೊಬ್ಬ ಹೈಸ್ಕೂಲು ಮುಗಿಸಿದಾಗ ಅವನಿಗೆ ವಯಸ್ಸು 15. ಅದೇ ವಯಸ್ಸಿಗೆ ಅವನು ಬರೆಯಲು ಕೂತ ಕಾದಂಬರಿ ಅಚ್ಚಾದಾಗ 500 ಪುಟ ದಾಟಿತ್ತು! ಕಾಡಿನಲ್ಲಿ ಸಿಕ್ಕ ನೀಲಿ ಕಲ್ಲು, ಅದರೊಳಗಿಂದ ಹೊರಬಂದ ಸಫಿರಾ ಎಂಬ ಡ್ರ್ಯಾಗನ್, ಅದನ್ನು ಸಾಕುವ ಹಳ್ಳಿ ಹುಡುಗ. ಕಾದಂಬರಿಯ ಹೆಸರು 'ಎರಗಾನ್', ಬರೆದವನು ಕ್ರಿಸ್ಟೋಫರ್ ಪಾವೊಲಿನಿ.

2002ರಲ್ಲಿ ಮನೆಮಂದಿಯೇ ಸೇರಿ ಪುಸ್ತಕ ಪ್ರಕಟಿಸಿದರು. ಮುಖಪುಟದ ಡ್ರ್ಯಾಗನ್ ಕಣ್ಣನ್ನು ಬಿಡಿಸಿದ್ದೂ ಹುಡುಗನೇ, ಒಳಗಿನ ನಕ್ಷೆ ಬರೆದದ್ದೂ ಅವನೇ. ಮಾರಬೇಕಾದವನೂ ಅವನೇ! ಕೆಂಪು ಅಂಗಿ, ದೊಗಳೆ ಕರಿ ಷರಾಯಿ, ಲಾಡಿ ಕಟ್ಟಿದ ಬೂಟು, ತಲೆಗೊಂದು ಕರಿ ಟೋಪಿ ತೊಟ್ಟು ಗ್ರಂಥಾಲಯ, ಶಾಲೆ, ಪುಸ್ತಕದಂಗಡಿ ಸುತ್ತಿ ಒಂದೇ ವರ್ಷದಲ್ಲಿ 135ಕ್ಕೂ ಹೆಚ್ಚು ಕಡೆ ಮಾತಾಡಿದ. ಸರಾಸರಿ ಮೂರು ದಿನಕ್ಕೊಂದು ಭಾಷಣ. ಮೇಜಿನ ಹಿಂದೆ ನಿಂತು 8 ಗಂಟೆ ಬಿಡುವಿಲ್ಲದೆ ಮಾತಾಡಿದರೆ, ಅದೃಷ್ಟ ಚೆನ್ನಾಗಿದ್ದ ದಿನ, ಸುಮಾರು 40 ಪ್ರತಿ ಮಾರಾಟ. ಗಂಟೆಗೆ ಐದು. ಈ ಐದನ್ನು ನೆನಪಿನಲ್ಲಿಡಿ.

ಹಾಗೆ ಮಾರಾಟವಾದ ಪ್ರತಿಗಳಲ್ಲಿ ಒಂದು, ಕಾದಂಬರಿಕಾರ ಕಾರ್ಲ್ ಹಯಾಸೆನ್ ಅವರ ಮಲಮಗನ ಕೈಗೆ ಬಿತ್ತು. ಹುಡುಗ ಮೆಚ್ಚಿದ, ಹಯಾಸೆನ್ ತಮ್ಮ ಪ್ರಕಾಶಕರಿಗೆ ಹೇಳಿದರು, ನಾಫ್ ಸಂಸ್ಥೆ 2003ರ ಆಗಸ್ಟ್‌ನಲ್ಲಿ ಪುಸ್ತಕವನ್ನು ಹೊಸದಾಗಿ ಹೊರತಂದಿತು. ಲೇಖಕನಿಗೆ ಆಗಿನ್ನೂ 19. 'ನ್ಯೂಯಾರ್ಕ್ ಟೈಮ್ಸ್'ನ ಬೆಸ್ಟ್ ಸೆಲ್ಲರ್ ಪಟ್ಟಿಯಲ್ಲಿ 'ಎರಗಾನ್' ಕೂತದ್ದು 121 ವಾರ. ಅಂದರೆ ಎರಡು ವರ್ಷ ನಾಲ್ಕು ತಿಂಗಳು!

ಮೂರು ಸಂಪುಟಕ್ಕೆಂದು ಹಾಕಿಕೊಂಡ ಕಥೆ ಮೂರಕ್ಕೆ ನಿಲ್ಲಲಿಲ್ಲ. ಕೊನೆಯ ಸಂಪುಟ ಎಷ್ಟು ಹಿಗ್ಗಿತೆಂದರೆ ಅದನ್ನು 'ಬ್ರಿಸಿಂಗರ್', 'ಇನ್ಹೆರಿಟೆನ್ಸ್' ಎಂದು ಎರಡಾಗಿ ಸೀಳಬೇಕಾಯಿತು. ಅವೆರಡೇ ಸೇರಿ 1,500 ಪುಟ ಮೀರಿದವು. ನಾಲ್ಕೂ ಸಂಪುಟಗಳ ಪದಗಳು ಸುಮಾರು 9 ಲಕ್ಷ. ಗಟ್ಟಿಯಾಗಿ ಓದಿ ಹೇಳಲು 100 ಗಂಟೆ ಬೇಕು: ನಿದ್ದೆ, ಊಟ ಬಿಟ್ಟು ನಾಲ್ಕು ಹಗಲು, ನಾಲ್ಕು ರಾತ್ರಿ.

ಈಗ 2008ರ ಸೆಪ್ಟೆಂಬರ್ 20ಕ್ಕೆ ಬನ್ನಿ. 'ಬ್ರಿಸಿಂಗರ್' ಬಿಡುಗಡೆಯಾದ ದಿನವೇ ಉತ್ತರ ಅಮೆರಿಕದಲ್ಲಿ ಖರ್ಚಾದದ್ದು 5.5 ಲಕ್ಷ ಪ್ರತಿ. ದಿನದ 24 ಗಂಟೆಗೂ ಹಂಚಿದರೆ ಸೆಕೆಂಡಿಗೆ ಆರು! ಹಳೆಯ ಮೇಜು, ಹಳೆಯ ಟೋಪಿಯ ವೇಗದಲ್ಲಿ ಇಷ್ಟನ್ನು ಮಾರಲು ಒಂದು ದಿನವೂ ರಜೆಯಿಲ್ಲದೆ 37 ವರ್ಷ ಬೇಕಿತ್ತು. ಆಗ ಪಾವೊಲಿನಿಯ ವಯಸ್ಸೇ 24!

2011ರ ನವೆಂಬರ್‌ನಲ್ಲಿ 'ಇನ್ಹೆರಿಟೆನ್ಸ್' ಬಂತು. ಮೊದಲ ಮುದ್ರಣವೇ 25 ಲಕ್ಷ ಪ್ರತಿ. ಆ ದಪ್ಪ ರಟ್ಟಿನ ಪುಸ್ತಕ ಒಂದು ಕಿಲೋ ತೂಗುತ್ತದೆ ಎಂದಿಟ್ಟುಕೊಂಡರೂ ಒಟ್ಟು 2,500 ಟನ್. ಮೈಸೂರು ದಸರೆಯ ಆನೆ ಹೊರುವ ಅಂಬಾರಿ 750 ಕೆ.ಜಿ. ಈ ಒಂದು ಮುದ್ರಣವನ್ನು ಹೊರಲು ಅಂಥ ಆನೆಗಳು 3,300ಕ್ಕೂ ಹೆಚ್ಚು ಸಾಲುಗಟ್ಟಬೇಕು!

ಇಷ್ಟಕ್ಕೇ ಬೆರಗಾದರೆ ಹೇಗೆ? ಸರಣಿಯ ಪುಸ್ತಕಗಳು ಜಗತ್ತಿನಾದ್ಯಂತ ಮಾರಾಟವಾಗಿರುವುದು ಸುಮಾರು 4 ಕೋಟಿ. ದಿನಕ್ಕೆ ನಲವತ್ತರಂತೆ ಮಾರುತ್ತ ಹೋದರೆ 10 ಲಕ್ಷ ದಿನ, ಅಂದರೆ 2,700 ವರ್ಷಗಳ ಮೇಲೆ. 2002ರೊಳಗೆ ಮುಗಿಸಬೇಕಿದ್ದರೆ ಬುದ್ಧ ಹುಟ್ಟುವುದಕ್ಕೆ ಒಂದು ಶತಮಾನಕ್ಕೂ ಮೊದಲೇ ಮೇಜು ಹಾಕಿ ಕೂರಬೇಕಿತ್ತು!

ಪುಸ್ತಕಕ್ಕೆ 300 ಹಾಳೆಯಂತೆ ಲೆಕ್ಕ ಹಾಕಿದರೆ 1,200 ಕೋಟಿ ಹಾಳೆ. ಒಂದೊಂದೂ 22 ಸೆಂ.ಮೀ. ಉದ್ದವೆಂದುಕೊಂಡು ಒಂದರ ತುದಿಗೆ ಒಂದಿಟ್ಟರೆ 26 ಲಕ್ಷ ಕಿಲೋಮೀಟರ್: ಭೂಮಿಯ ನಡುಪಟ್ಟಿಗೆ 66 ಸುತ್ತು, ಇಲ್ಲವೇ ಚಂದ್ರನಿಗೆ ಮೂರು ಸಲ ಹೋಗಿ ಬಂದು ಮತ್ತೆ ಹೊರಡುವಷ್ಟು ದೂರ.

ಇದೆಲ್ಲ ಬರೀ ಕಾಗದದ ಮಾತಾಯಿತು. ಪುಸ್ತಕ ಇರುವುದು ಓದಲಿಕ್ಕೆ. ಮನಸ್ಸಿನಲ್ಲೇ ಸರಸರನೆ ಓದುವವರಿಗೂ ಒಂದು ಸಂಪುಟಕ್ಕೆ 15 ಗಂಟೆ ಹಿಡಿಯುತ್ತದೆ. ಪ್ರತಿಯೊಂದು ಪ್ರತಿಯನ್ನು ಒಬ್ಬರು, ಒಂದೇ ಸಲ ಓದಿದ್ದಾರೆಂದರೂ 60 ಕೋಟಿ ಗಂಟೆ. ವರ್ಷಗಳಿಗೆ ತಿರುಗಿಸಿದರೆ 68,000! ಮನುಷ್ಯ ಬೇಸಾಯ ಕಲಿತು ಆದದ್ದು ಸುಮಾರು 12,000 ವರ್ಷ. ಬೇಸಾಯದ ಇಡೀ ಇತಿಹಾಸದ ಐದು ಪಟ್ಟಿಗೂ ಹೆಚ್ಚು ಕಾಲವನ್ನು ಓದುಗರು ಸಫಿರಾಳ ಬೆನ್ನ ಮೇಲೆ ಕಳೆದಿದ್ದಾರೆ. 2023ರಲ್ಲಿ ಅದೇ ಲೋಕದ 'ಮುರ್ಟಾಗ್' ಬಂತು, 700 ಪುಟಗಳ ಆಸುಪಾಸು. ಆ ಗಂಟೆಗಳನ್ನು ಇಲ್ಲಿ ಇನ್ನೂ ಕೂಡಿಸಿಯೇ ಇಲ್ಲ!